ನಾರ್ಮಲ್ ರಿಪೋರ್ಟಿನಲ್ಲಿ ಕಾಣದ ಕೊಬ್ಬು

ರಜೆಯಲ್ಲಿ ಊರಿಗೆ ಬಂದ ಗಲ್ಫಿನವರು ಫುಲ್ ಬಾಡಿ ಚೆಕಪ್ ಮಾಡಿಸುವುದುಂಟು. ಕೊಲೆಸ್ಟ್ರಾಲ್ ನಾರ್ಮಲ್ ಅಂತ ಬಂದರೆ ನಾವು ರಿಪೋರ್ಟನ್ನು ಕಪಾಟಿಗೆ ಸೇರಿಸಿ ನಿಶ್ಚಿಂತರಾಗುತ್ತೇವೆ. ಆದರೆ ಮಾಮೂಲಿ ಲಿಪಿಡ್ ಪ್ರೊಫೈಲಿನಲ್ಲಿ ‘ಲೈಪೊಪ್ರೋಟೀನ್ ಸ್ಮಾಲ್ ಎ’ ಪ್ರತ್ಯೇಕವಾಗಿ ಕಾಣುವುದಿಲ್ಲ. 1963ರಲ್ಲಿ ನಾರ್ವೆಯ ಕೋರೆ ಬರ್ಗ್ ಪತ್ತೆಹಚ್ಚಿದ ಈ ಕೊಬ್ಬಿನ ಕಣ ರಕ್ತನಾಳದ ಗೋಡೆಯಲ್ಲಿ ಸೇರಿಕೊಳ್ಳುತ್ತದೆ. ಹೃದಯಾಘಾತದ ಜೊತೆಗೆ ಪಾರ್ಶ್ವವಾಯುವಿನ ಅಪಾಯವನ್ನೂ ಹೆಚ್ಚಿಸುತ್ತದೆ.

ಇದು ಹೆಚ್ಚಾಗಿ ಹೆತ್ತವರಿಂದಲೇ ಬರುವಂಥದ್ದು. ನೈಚೋರು ಬಿಟ್ಟರೂ, ದಿನಾ ವಾಕಿಂಗ್ ಹೋದರೂ ಅಷ್ಟಾಗಿ ಇಳಿಯದು. ತೆಳ್ಳಗಿದ್ದವರಲ್ಲೂ ಇರಬಹುದು. 50 ಮಿಲಿಗ್ರಾಂ ದಾಟಿದರೆ ಜಾಸ್ತಿ ಎಂದೇ ಲೆಕ್ಕ. ಹೆಚ್ಚಿನವರಿಗೆ ಜೀವನದಲ್ಲಿ ಒಮ್ಮೆ ನೋಡಿಸಿದರೆ ಸಾಕು. (ಲ್ಯಾಬಿನ ‘ಅಪೊ ಎ ಒನ್’ ಬೇರೆ, ಇದು ಬೇರೆ.)

ಇದನ್ನು ಇಳಿಸಲೆಂದೇ ತಯಾರಾದ ಔಷಧಗಳು ಪರೀಕ್ಷೆಯ ಹಂತದಲ್ಲಿವೆ. ಸ್ಟ್ಯಾಟಿನ್ ಮಾತ್ರೆಯೂ ಇದನ್ನು ಇಳಿಸದು. ಆದರೆ ಎಲ್‌ಡಿಎಲ್ ಇಳಿಸಿ ಒಟ್ಟು ಅಪಾಯ ತಗ್ಗಿಸುತ್ತದೆ. ಹಾಗಾಗಿ ‘ಈಗ ನಾರ್ಮಲ್ ಆಯಿತಲ್ಲ’ ಎಂದು ಡಾಕ್ಟರಲ್ಲಿ ಕೇಳದೆ ನಾವೇ ಮಾತ್ರೆ ನಿಲ್ಲಿಸುವುದು ತೀರಾ ಅಪಾಯ. ಬಿಪಿ, ಶುಗರ್ ಹತೋಟಿಯಲ್ಲಿರಲಿ, ಸಿಗರೇಟು ಬಿಡಲೇಬೇಕು.

ತಂದೆಗೋ ಅಣ್ಣನಿಗೋ 55ರೊಳಗೆ ಹಾರ್ಟ್ ಅಟ್ಯಾಕ್ ಆಗಿದ್ದರೆ, ಕೈಕಾಲು ಬಿದ್ದುಹೋಗಿದ್ದರೆ ಈ ಟೆಸ್ಟಿನ ಬಗ್ಗೆ ಡಾಕ್ಟರಲ್ಲಿ ಕೇಳಿ. ಒಬ್ಬರಿಗೆ ಜಾಸ್ತಿ ಬಂದರೆ ಒಡಹುಟ್ಟಿದವರೂ ಮಕ್ಕಳೂ ನೋಡಿಸಬೇಕು.