ಹೆಸರು ತಪ್ಪಿದ ನೆರಳುಮರ

ರೋಣ ತಾಲ್ಲೂಕಿನ ಮೆಣಸಗಿಯ ಹೆಸರು ಕೇಳಿ ಮೆಣಸಿನ ಬಳ್ಳಿ ಹುಡುಕಿಕೊಂಡು ಹೋದವರಿಗೆ ಸಿಗುವುದು ಎರೆಹೊಲದ ಜೋಳ, ಕಡಲೆ. ಮರಗಳ ಹೆಸರಿನಲ್ಲೂ ಇದೇ ಪೇಚು. ಅಲ್ಲಿ ಮೋಸಹೋದರೆ ತೋಟದ ಗೊಬ್ಬರದ ಲೆಕ್ಕವೇ ತಪ್ಪುತ್ತದೆ.

ಮಲೆನಾಡಿನ ನಮ್ಮ ತೋಟಗಳಲ್ಲಿ ನೆರಳು ತೆರವಾದ ಕಡೆ, ದರೆ ಕುಸಿದ ಕಡೆ ತಾನಾಗಿ ಎದ್ದು, ಕೆಲವೇ ವರ್ಷಗಳಲ್ಲಿ ಕಾಫಿಗಿಡಗಳಿಗೆ ಕೊಡೆ ಹಿಡಿಯುವ ಮರವೊಂದನ್ನು ಸದಸ್ಯ ಬಾಂಧವರು ನೋಡಿರುತ್ತೀರಿ. ಎಲೆ ಒರಟು, ಅದರ ಬುಡದಿಂದ ಮೂರು ನರ. ಚಿಕ್ಕ ಕಪ್ಪು ಹಣ್ಣಿಗೆ ಹಕ್ಕಿಗಳು ಮುತ್ತುತ್ತವೆ. ಊರಿಗೊಂದು ಹೆಸರಿರುವುದರಿಂದ ಶಾಸ್ತ್ರೀಯ ಹೆಸರನ್ನೇ ಹೇಳುತ್ತೇವೆ: ಟ್ರೀಮಾ ಓರಿಯೆಂಟಾಲಿಸ್.

1753ರಲ್ಲಿ ಲಿನೇಯಸ್ ಇದನ್ನು ಸೆಲ್ಟಿಸ್ ಓರಿಯೆಂಟಾಲಿಸ್ ಎಂದು ಕರೆದಿದ್ದ. ಸೆಲ್ಟಿಸ್ ಎಂದರೆ ಇಂಗ್ಲಿಷಿನವರ ಹ್ಯಾಕ್‌ಬೆರಿ. ಅದರ ಕೆಲವು ಪ್ರಭೇದಗಳು ಪಶ್ಚಿಮಘಟ್ಟದ ಕಾಡಿನಲ್ಲೂ ಇವೆ. ಮುಂದೆ ಬ್ಲೂಮ್ ಎಂಬ ಸಸ್ಯಶಾಸ್ತ್ರಜ್ಞ ನಮ್ಮ ಮರವನ್ನು ಟ್ರೀಮಾ ಜಾತಿಗೆ ಸೇರಿಸಿದ. ಗ್ರೀಕಿನಲ್ಲಿ ಟ್ರೀಮಾ ಎಂದರೆ ರಂಧ್ರ. ಬೀಜದ ಓಟೆಯ ಮೇಲೆ ಸಣ್ಣ ಕುಳಿಗಳಿರುತ್ತವೆ. ಈ ಎರಡೂ ಜಾತಿಗಳನ್ನು ಈಗ ಗಾಂಜಾ ಗಿಡದ ಕುಟುಂಬಕ್ಕೆ ಸೇರಿಸಿದ್ದಾರೆ. ಅಬಕಾರಿಯವರ ಭಯವೇನೂ ಬೇಡ!

ನಮಗೆ ಮುಖ್ಯವಾದದ್ದು ಇದರ ಮುಂದಿನ ಕಥೆ. 1973ರಲ್ಲಿ ಟ್ರಿನಿಕ್ ಎಂಬ ವಿಜ್ಞಾನಿ ಪಪುವ ನ್ಯೂಗಿನಿಯ ಟ್ರೀಮಾ ಗಿಡದ ಬೇರಿನಲ್ಲಿ, ಅವರೆ ಜಾತಿಯ ಗಿಡಗಳಲ್ಲಿರುವಂಥ ಸಾರಜನಕದ ಗಂಟುಗಳಿವೆಯೆಂದು ಪ್ರಕಟಿಸಿದರು. ಯಾರೂ ನಿರೀಕ್ಷಿಸದ ಸುದ್ದಿ ಅದು. ಗಾಳಿಯ ಸಾರಜನಕವನ್ನು ಮಣ್ಣಿಗಿಳಿಸುವ, ತಾನಾಗಿ ಬೆಳೆಯುವ ನೆರಳುಮರವೆಂದರೆ ಬೆಳೆಗಾರನಿಗೆ ಇನ್ನೇನು ಬೇಕು? ಆದರೆ ಕೆಲವೇ ವರ್ಷಗಳಲ್ಲಿ ಆ ಗಿಡ ಟ್ರೀಮಾ ಅಲ್ಲ, ಅದನ್ನೇ ಹೋಲುವ ಪ್ಯಾರಸ್ಪೋನಿಯ ಎಂದು ಗೊತ್ತಾಯಿತು. ಪ್ಯಾರಸ್ಪೋನಿಯ ನಮ್ಮ ಕಾಡಿನ ಮರವಲ್ಲ. ಟ್ರೀಮಾದಲ್ಲಿ ಗಂಟು ಕಟ್ಟಲು ಬೇಕಾದ ವಂಶವಾಹಿಗಳು ಹಾಳಾಗಿವೆ ಎಂದು 2018ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ. ಆದ್ದರಿಂದ ಇದನ್ನು ನಂಬಿ ಯೂರಿಯ ಕಡಿಮೆ ಮಾಡಲಾಗದು.

ಹಾಗೆಂದು ಕಂಡಕಂಡಲ್ಲಿ ಕಡಿಯಬೇಕಿಲ್ಲ. ಬಿಸಿಲು ಬಿದ್ದ ಜಾಗಕ್ಕೆ ತಾತ್ಕಾಲಿಕ ನೆರಳಾಗಿ, ಉದುರಿದ ಎಲೆಗಾಗಿ ಇರಲಿ. ಮರ ಮೆದು, ಆಯುಸ್ಸೂ ಕಡಿಮೆ. ಗಾಳಿಮಳೆಗೆ ಕೊಂಬೆ ಮುರಿದು ಕಾಫಿಗಿಡದ ಮೇಲೆ ಬೀಳುತ್ತದೆ. ಪಕ್ಕದಲ್ಲಿ ನೆಟ್ಟ ಹಾಲುವಾಣ ಮೇಲೆದ್ದ ಮೇಲೆ ಮರಗಸಿಯ ಹೊತ್ತಿಗೆ ತೆಗೆದರಾಯಿತು.

ಅನುಮಾನವಿದ್ದವರು ಮಳೆಗಾಲದಲ್ಲಿ ಹಾಲುವಾಣದ ಎಳೆಬೇರು ಕೆದಕಿ ನೋಡಬಹುದು. ಗಂಟು ಒಡೆದಾಗ ಒಳಗೆ ಕೆಂಪಗಿದ್ದರೆ ಅದು ಕೆಲಸ ಮಾಡುತ್ತಿದೆ. ಅದೇ ದಿನ ಟ್ರೀಮಾದ ಬೇರನ್ನೂ ಕೆದಕಿರಿ. ಅಂಥ ಗಂಟು ಸಿಗುವುದಿಲ್ಲ.