ಕೊಲರಾಡೊದ 17 ಶಿಖರಗಳ ಚಾಪೆಲ್ ಸೋರಿದ್ದು ಯಾಕೆ?

ಇಂಜಿನಿಯರಿಂಗ್ ಓದುವಾಗ ನನ್ನ ಲ್ಯಾಪ್‌ಟಾಪ್‌ನ ವಾಲ್‌ಪೇಪರ್ ಒಂದು ಕಟ್ಟಡವಾಗಿತ್ತು: ಅಮೆರಿಕದ ಕೊಲರಾಡೊದಲ್ಲಿರುವ ವಾಯುಪಡೆ ಅಕಾಡೆಮಿಯ ಕೆಡೆಟ್ ಚಾಪೆಲ್. ಬೆಟ್ಟದ ಬುಡದಲ್ಲಿ ಸಾಲಾಗಿ ನಿಂತ 17 ಅಲ್ಯೂಮಿನಿಯಂ ಶಿಖರಗಳು, ಎತ್ತರ 150 ಅಡಿ. ಯುದ್ಧವಿಮಾನಗಳನ್ನು ಮೂತಿ ಮೇಲೆ ಮಾಡಿ ನಿಲ್ಲಿಸಿದ ಹಾಗೆ. ಅದು ಶುರುವಿನಿಂದಲೇ ಸೋರುತ್ತಿತ್ತು ಅಂತ ಗೊತ್ತಾಗಿದ್ದು ಪತ್ರಿಕೋದ್ಯಮಕ್ಕೆ ಬಂದ ಮೇಲೆ. ಸಾರ್ವಜನಿಕ ದುಡ್ಡಿನ ಬಗ್ಗೆ ತಲೆಕೆಡಿಸಿಕೊಳ್ಳುವವರು ಇದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು.

ಕೆಡೆಟ್‌ಗಳ ಪ್ರಾರ್ಥನೆ, ಮದುವೆ, ಅಗಲಿದವರ ಸ್ಮರಣೆ ಎಲ್ಲಕ್ಕೂ ಇದೇ ಕಟ್ಟಡ. ವಿನ್ಯಾಸಕಾರ ವಾಲ್ಟರ್ ನೆಟ್ಷ್‌ಗೆ ಆಗಿನ್ನೂ ಮೂವತ್ತರ ಹರೆಯ. ಯುರೋಪ್ ಸುತ್ತಿ ಬಂದ ಅವರ ತಲೆಯಲ್ಲಿ ಕೂತಿದ್ದು ಶಾರ್ತ್ರ್ ಕ್ಯಾಥೆಡ್ರಲ್ ಮತ್ತು ಪ್ಯಾರಿಸ್‌ನ ಸೇಂಟ್ ಶಾಪೆಲ್.

ಗಾಥಿಕ್‌ನ ಗುಟ್ಟು ಇಷ್ಟೇ ನೋಡಿ. ಚೂಪು ಕಮಾನು ಚಾವಣಿಯ ಭಾರವನ್ನು ಕಂಬಗಳಿಗೆ ಇಳಿಸುತ್ತೆ, ಪಕ್ಕಕ್ಕೆ ತಳ್ಳುವ ಬಲವನ್ನು ಹೊರಗಿನ ಆನಿಕೆಗಳು ತಡೆಯುತ್ತವೆ. ಗೋಡೆಗೆ ಹೊರುವ ಕೆಲಸವೇ ಇಲ್ಲ. ಹಾಗಾಗಿ ಅಲ್ಲಿ ಬಣ್ಣದ ಗಾಜು ತುಂಬಬಹುದು. ನೆಟ್ಷ್ ಕಲ್ಲಿನ ಬದಲು ಉಕ್ಕಿನ ಕೊಳವೆಗಳಿಂದ 100 ಚತುರ್ಮುಖಿ ಚೌಕಟ್ಟುಗಳನ್ನು ಮಾಡಿಸಿ ಒಂದರ ಮೇಲೊಂದು ಜೋಡಿಸಿದರು. ಸಂದುಗಳಲ್ಲಿ ಬಣ್ಣದ ಗಾಜು ಕೂರಿಸಿದರು. ಗಾಥಿಕ್‌ನ ನಕಲಲ್ಲ, ತರ್ಕದ ಅನುವಾದ. ನನಗೆ ಈಗಲೂ ಅದರ ಮೇಲೆ ಮೋಹ ಇದೆ.

ಅಮೆರಿಕದ ಸಂಸತ್ತಿನಲ್ಲಿ ಈ ವಿನ್ಯಾಸಕ್ಕೆ ಭಾರೀ ವಿರೋಧ ಬಂತು. ಜಗಳವೆಲ್ಲ ರೂಪದ ಬಗ್ಗೆ: ಇದೆಂಥಾ ಚರ್ಚು ಮಾರಾಯ, ಅನ್ನೋ ಧಾಟಿ.

ಆದರೆ ಗಾಥಿಕ್ ಕಟ್ಟಡದಲ್ಲಿ ಇನ್ನೊಂದು ಜಾಣತನ ಇತ್ತು. ಗಾರ್ಗಾಯ್ಲ್ ಅಂತ ನಾವು ಫೋಟೊ ಹೊಡೆಯುವ ಆ ವಿಕಾರ ಮುಖಗಳಿವೆಯಲ್ಲ, ಅವು ಮಳೆನೀರನ್ನು ಗೋಡೆಯಿಂದ ದೂರಕ್ಕೆ ಉಗುಳುವ ಬಾಯಿಗಳು. ನೀರು ಬಂದೇ ಬರುತ್ತೆ, ದಾರಿ ಕೊಡಿ ಅನ್ನೋದು ಆ ಮೇಸ್ತ್ರಿಗಳ ಲೆಕ್ಕ.

ನೆಟ್ಷ್‌ಗೂ ಅದು ಗೊತ್ತಿತ್ತು. ಅಲ್ಯೂಮಿನಿಯಂ ಹೊದಿಕೆಯ ಅಡಿಯಲ್ಲಿ ನೀರನ್ನು ಹಿಡಿದು ಹೊರಹಾಕುವ ತಗಡಿನ ಪದರವನ್ನು ಅವರು ಮೂಲ ವಿನ್ಯಾಸದಲ್ಲೇ ಇಟ್ಟಿದ್ದರು. ಖರ್ಚು ಉಳಿಸಲು ಅದನ್ನು ಕಿತ್ತುಹಾಕಿ, ಸಂದುಗಳಿಗೆ ಸೀಲೆಂಟ್ ಮೆತ್ತಿ ಮುಗಿಸಿದರು. ಹೊರಗಿಂದ ನೋಡಿದರೆ ಒಂದಿಷ್ಟೂ ವ್ಯತ್ಯಾಸ ಕಾಣಲ್ಲ. ಬಜೆಟ್ ಕತ್ತರಿಗೆ ಮೊದಲು ಸಿಗುವುದು ಯಾವಾಗಲೂ ಕಾಣದ ಭಾಗವೇ ತಾನೆ?

ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತೆ. ಬೆಟ್ಟದ ಊರು, ಹಗಲು ಸುಡುಬಿಸಿಲು, ರಾತ್ರಿ ಚಳಿ. ಹೊದಿಕೆ ದಿನವೂ ಎಳೆದಾಡುವಾಗ ಸೀಲೆಂಟ್ ಬಿರುಕು ಬಿಡದೆ ಇನ್ನೇನು ಮಾಡೀತು? ದಶಕಗಳ ಕಾಲ ಮತ್ತೆ ಮತ್ತೆ ಮೆತ್ತಿದರು, ಮತ್ತೆ ಮತ್ತೆ ಸೋರಿತು. 1996ರಲ್ಲಿ ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ, ಕಾಲದ ಪರೀಕ್ಷೆ ಗೆದ್ದ ಕಟ್ಟಡಗಳಿಗೆ ಕೊಡುವ ಪ್ರಶಸ್ತಿಯನ್ನು ಇದಕ್ಕೇ ಕೊಟ್ಟಿತು!

ಕಟ್ಟಿದ್ದು ಸುಮಾರು 35 ಲಕ್ಷ ಡಾಲರಿಗೆ. ಹಣದುಬ್ಬರ ಲೆಕ್ಕ ಹಾಕಿದರೆ 2019ರ ಹೊತ್ತಿಗೆ ಅದು ಮೂರು ಕೋಟಿ ಡಾಲರ್ ಆಸುಪಾಸು. 2019ರಲ್ಲಿ ರಿಪೇರಿಗೆಂದು ಬಾಗಿಲು ಹಾಕಿದಾಗ ಹೇಳಿದ ಮೊತ್ತ 15.8 ಕೋಟಿ ಡಾಲರ್. ಬಿಚ್ಚುತ್ತಾ ಹೋದಂತೆ ಅಂದುಕೊಂಡದ್ದಕ್ಕಿಂತ ಹೆಚ್ಚು ಕಲ್ನಾರು ಸಿಕ್ಕಿತು, ಖರ್ಚು ಇನ್ನೂ ಏರಿತು, ಗಡುವು ಮುಂದಕ್ಕೆ ಹೋಯಿತು.

ನೆಟ್ಷ್ 2008ರಲ್ಲೇ ತೀರಿಕೊಂಡಿದ್ದರು. ಈ ರಿಪೇರಿಯಲ್ಲಿ ಇಡೀ ಹೊದಿಕೆ ಕಳಚಿ ಅದರ ಕೆಳಗೆ ಹಾಕಲು ಹೊರಟಿದ್ದು, ಅವರು ಮೊದಲು ಬರೆದು ಕೊಟ್ಟಿದ್ದ ಆ ತಗಡಿನ ಪದರವನ್ನೇ.