ಅಳತೆಯಲ್ಲಿ ನಿಖರತೆಯೂ ದೋಷಗಳೂ: ಬತ್ತದ ಕಟಾವಿನ ಒಂದು ಪಾಠ

ಖಾನಾಪುರ ತಾಲೂಕಿನ ಬತ್ತದ ಗದ್ದೆಗಳಲ್ಲಿ ಸುಗ್ಗಿಯ ಕಾಲಕ್ಕೆ ಬೆಳೆ ಕಟಾವು ಪ್ರಯೋಗಗಳು ನಡೆಯುವದನ್ನು ಗ್ರಾಮಪ್ರಮುಖರೂ ಜಮೀನುದಾರರೂ ನೋಡಿಯೇ ಇರುವರು. ಗದ್ದೆಯಲ್ಲಿ 5 ಮೀಟರು ಉದ್ದ, 5 ಮೀಟರು ಅಗಲದ ಚೌಕವೊಂದನ್ನು ಗುರುತಿಸಿ, ಅದರೊಳಗಿನ ಪೈರನ್ನು ಕೊಯ್ದು, ಬಡಿದು, ತೂರಿ, ಬಂದ ಕಾಳನ್ನು ತೂಗುವರು. ಈ ಚೌಕದ ಕ್ಷೇತ್ರವು 25 ಚದರ ಮೀಟರು. ಒಂದು ಹೆಕ್ಟೇರಿನಲ್ಲಿ ಇಂಥ 400 ಚೌಕಗಳು ಹಿಡಿಯುವವು. ಆದಕಾರಣ ಚೌಕದ ತೂಕವನ್ನು 400ರಿಂದ ಗುಣಿಸಿ ಹೆಕ್ಟೇರಿನ ಇಳುವರಿಯನ್ನು ತೆಗೆಯುವರು. ಹೀಗೆ ಗುಣಿಸುವಾಗ ಕಾಳಿನೊಡನೆ ತಪ್ಪೂ 400 ಪಟ್ಟು ಬೆಳೆಯುವದೆಂಬುದನ್ನು ನಾವು ಮರೆಯಲಾಗದು. ತಕ್ಕಡಿಯಲ್ಲಿ 100 ಗ್ರಾಮು ತಪ್ಪಿದರೆ ಲೆಕ್ಕದಲ್ಲಿ 40 ಕಿಲೋ ತಪ್ಪಿದಂತಾಯಿತು.

ಈ ಲೆಕ್ಕವು ಕಾಗದದ ಮೇಲೆಯೇ ಉಳಿಯತಕ್ಕದ್ದಲ್ಲ. 2016ರ ಮುಂಗಾರಿನಿಂದ ಜಾರಿಗೆ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯತಿಯೇ ಘಟಕವು. ಅಲ್ಲಿ ನಡೆಯುವ ನಾಲ್ಕು ಕಟಾವುಗಳ ಸರಾಸರಿಯು ಪರಿಹಾರದ ಲೆಕ್ಕಕ್ಕೆ ಮುಖ್ಯ ಆಧಾರವಾಗಿರುವದು. ಒಬ್ಬನ ಗದ್ದೆಯಲ್ಲಿ ಆದ ತಪ್ಪು ಊರಿನ ಎಲ್ಲ ವಿಮಾದಾರರ ತಲೆಯ ಮೇಲೆ ಬೀಳುವದು.

ಹಿಂದೊಮ್ಮೆ ಖಾನಾಪುರದ ಸಮೀಪದ ಒಂದು ಹಳ್ಳಿಯಲ್ಲಿ ನಾನು ಕಟಾವಿಗೆ ಹೋಗಿದ್ದೆನು. ಸ್ಪ್ರಿಂಗಿನ ತಕ್ಕಡಿಯಲ್ಲಿ ಕಾಳನ್ನು ಮೂರು ಸಲ ತೂಗಿದೆವು. ಮೂರು ಸಲವೂ ಏಳೂಕಾಲು ಕಿಲೋ ಬಂದಿತು. "ಮೂರು ಸಲವೂ ಒಂದೇ ತೂಕ ಬಂತಲ್ಲಾ ಸಾಹೇಬರೇ, ಇನ್ನು ಸಂಶಯವೇಕೆ?" ಎಂದು ಊರ ಹಿರಿಯರೊಬ್ಬರು ಕೇಳಿದರು. ಸರಕಾರಿ ಮುದ್ರೆಯುಳ್ಳ 5 ಕಿಲೋದ ತೂಕದ ಕಲ್ಲನ್ನು ತರಿಸಿ ಅದೇ ತಕ್ಕಡಿಗೆ ತೂಗಹಾಕಿದಾಗ ಅದು ಐದೂವರೆ ಕಿಲೋ ತೋರಿಸಿತು. ಕಲ್ಲನ್ನು ತೆಗೆದು ನೋಡಲು, ಬರಿದಾದ ತಕ್ಕಡಿಯ ಮುಳ್ಳು ಸೊನ್ನೆಗೆ ಬಾರದೆ ಅರ್ಧ ಕಿಲೋದ ಗೆರೆಯ ಮೇಲೆಯೇ ನಿಂತಿತ್ತು. ನಿಜವಾದ ಕಾಳು ಆರೂಮುಕ್ಕಾಲು ಕಿಲೋ ಮಾತ್ರ.

ಈ ಅರ್ಧ ಕಿಲೋದ ಬೆಲೆ ಎಷ್ಟೆಂಬುದನ್ನು ಕಟಾವಿನ ಅಂಕಿಯೊಂದನ್ನೇ ಹಿಡಿದು ಉದಾಹರಣೆಯಿಂದ ನೋಡೋಣ. ನಿಗದಿಯಾದ ಇಳುವರಿ ಹೆಕ್ಟೇರಿಗೆ 3,000 ಕಿಲೋ ಎಂದಿಟ್ಟುಕೊಳ್ಳಿರಿ. ನಿಜವಾದ ಸರಾಸರಿಯು 2,700 ಕಿಲೋ ಇದ್ದರೆ ಕೊರತೆ ಶೇಕಡಾ 10. ವಿಮಾ ಮೊತ್ತದ ಹತ್ತನೆಯ ಒಂದಂಶವು ಪರಿಹಾರವಾಗುವದು. ನಾಲ್ಕು ಚೌಕಗಳನ್ನೂ ಆ ತಕ್ಕಡಿಯಲ್ಲಿಯೇ ತೂಗಿದರೆ ಸರಾಸರಿಯು 2,900 ಆಗಿ, ಕೊರತೆಯು ಶೇಕಡಾ 3.3ಕ್ಕೆ ಇಳಿಯುವದು. ಬರತಕ್ಕ ಹಣದಲ್ಲಿ ಮೂರರಲ್ಲಿ ಎರಡು ಪಾಲು ಹೋಯಿತು.

ಮತ್ತೆ ಮತ್ತೆ ಅಳೆದಾಗ ಉತ್ತರಗಳು ಒಂದಕ್ಕೊಂದು ಹತ್ತಿರ ಬರುವ ಗುಣಕ್ಕೆ ಶಾಸ್ತ್ರದಲ್ಲಿ ನಿಷ್ಕೃಷ್ಟತೆ ಎನ್ನುವರು. ಉತ್ತರವು ನಿಜಕ್ಕೆ ಹತ್ತಿರವಿರುವದು ನಿಖರತೆ. ಆ ತಕ್ಕಡಿಗೆ ಮೊದಲನೆಯದು ಇತ್ತು, ಎರಡನೆಯದು ಇರಲಿಲ್ಲ. ಒಂದೇ ಸುಳ್ಳನ್ನು ಮೂರು ಸಲ ಹೇಳಿದ ಮಾತ್ರಕ್ಕೆ ಅದು ಸತ್ಯವಾಗದಷ್ಟೆ.

ದೋಷಗಳಲ್ಲಿ ಎರಡು ಬಗೆ. ಕಣ್ಣಿನ ಅಂದಾಜು, ಗಾಳಿಗೆ ತಕ್ಕಡಿಯ ತೂಗಾಟ ಮುಂತಾದವುಗಳಿಂದ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಬರುವದು ಆಕಸ್ಮಿಕ ದೋಷ. ಹಲವು ಸಲ ಅಳೆದು ಸರಾಸರಿ ತೆಗೆದರೆ ಇದು ಬಹುಮಟ್ಟಿಗೆ ತಾನೇ ಕರಗುವದು. ಯಾವಾಗಲೂ ಒಂದೇ ಕಡೆಗೆ ಎಳೆಯುವದು ಏಕಮುಖ ದೋಷ. ನಾಲ್ಕಲ್ಲ, ನಾಲ್ವತ್ತು ಸಲ ತೂಗಿದರೂ ಇದು ಕರಗಲಾರದು. ಪರಿಚಿತವಾದ ಪ್ರಮಾಣದೊಡನೆ ಸಾಧನವನ್ನು ಹೋಲಿಸಿ ನೋಡುವದೊಂದೇ ಇದನ್ನು ಹಿಡಿಯುವ ದಾರಿಯು.

ಏಕಮುಖ ದೋಷವು ತಕ್ಕಡಿಯಲ್ಲಿ ಮಾತ್ರ ಅಡಗಿರುವದಿಲ್ಲ. ಎಳೆದೆಳೆದು ಹಿಗ್ಗಿದ ಟೇಪಿನಲ್ಲಿ 5 ಮೀಟರೆಂಬುದು 5 ಮೀಟರು 5 ಸೆಂಟಿಮೀಟರು ಆದರೆ, ಉದ್ದದ ತಪ್ಪು ಶೇಕಡಾ 1 ಇದ್ದರೂ ಕ್ಷೇತ್ರದ ತಪ್ಪು ಶೇಕಡಾ 2 ಆಗಿ, ಇಳುವರಿಯು ಅಷ್ಟು ಹೆಚ್ಚಾಗಿ ಕಾಣುವದು. ಅಂಚಿನ ಪೈರನ್ನು ಒಳಗೆ ಸೇರಿಸಿಕೊಳ್ಳುವ ಚಾಳಿಯೂ ಇಂಥದೇ. ಚೌಕವು ಚಿಕ್ಕದಾದಷ್ಟು ಈ ದೋಷ ದೊಡ್ಡದು: 1 ಮೀಟರಿನ ಚೌಕದಲ್ಲಿ ಪ್ರತಿ ಚದರ ಮೀಟರಿಗೆ 4 ಮೀಟರು ಅಂಚು, 5 ಮೀಟರಿನ ಚೌಕದಲ್ಲಿ 80 ಸೆಂಟಿಮೀಟರು ಮಾತ್ರ. ಸಾತಾರಾ ಜಿಲ್ಲೆಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಪಿ. ವಿ. ಸುಖಾತ್ಮೆಯವರು ಚಿಕ್ಕ ಚೌಕಗಳು ಇಳುವರಿಯನ್ನು ಹೆಚ್ಚಾಗಿ ತೋರಿಸುವವೆಂದು 1946ರಲ್ಲಿಯೇ ಪ್ರಕಟಿಸಿದರು.

ಹಸಿಕಾಳಿನ ತೂಕವೂ ಮೋಸಗೊಳಿಸುವದು. ಶೇಕಡಾ 22 ತೇವವಿರುವ 100 ಕಿಲೋ ಬತ್ತವು ಒಣಗಿ ಶೇಕಡಾ 14ಕ್ಕೆ ಬಂದಾಗ ಸುಮಾರು 90.7 ಕಿಲೋ ಉಳಿಯುವದು.

ಕಡೆಯದಾಗಿ ಸ್ಥಳದ ಮಾತು. ಸಹ್ಯಾದ್ರಿಯ ಮಗ್ಗುಲಿನ ಕಣಕುಂಬಿಯಿಂದ ಮೂಡಲಿಗೆ ಬಂದಂತೆ ಮಳೆಯು ಇಳಿಯುತ್ತ ಹೋಗುವದು. ಬೆಳಗಾವಿ ನಗರದಲ್ಲಿ ಎಷ್ಟು ನಿಖರವಾಗಿ ಮಳೆಯನ್ನು ಅಳೆದರೂ ಆ ಅಂಕಿಯು ಖಾನಾಪುರದ ಗದ್ದೆಗೆ ಸಲ್ಲದು. ಅದರಂತೆಯೇ ರಸ್ತೆಯ ಬದಿಯ ಸೊಂಪಾದ ಮೂಲೆಯನ್ನು ಆರಿಸಿ ಅಳೆದರೆ ಅದು ಊರಿನ ಬೆಳೆಯ ಅಳತೆಯಾಗದು. ಚೀಟಿ ಎತ್ತಿದಂತೆ, ಪಕ್ಷಪಾತವಿಲ್ಲದೆ ಅಂಕಿಯ ಮೇಲಿಂದ ಬಂದ ಸ್ಥಳದಲ್ಲಿಯೇ ಚೌಕವನ್ನು ಹಾಕಬೇಕು. ಹಾಗೆಯೇ ಪರಿಹಾರದ ಆಶೆಯಿಂದ ಜೊಳ್ಳು ಮೂಲೆಯನ್ನು ತೋರಿಸುವದೂ ಅಷ್ಟೇ ದೊಡ್ಡ ದೋಷವು.

ಕಟಾವಿನ ದಿನ ಗ್ರಾಮಪ್ರಮುಖರು ತಪ್ಪದೆ ನೋಡತಕ್ಕವುಗಳು:

1. ಬರಿದಾದ ತಕ್ಕಡಿಯು ಸೊನ್ನೆಯನ್ನು ತೋರಿಸಬೇಕು. ಬಳಿಕ ಮುದ್ರೆಯುಳ್ಳ ಕಲ್ಲಿನಿಂದ ಅದನ್ನು ಪರೀಕ್ಷಿಸಬೇಕು.

2. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯ ಅವಧಿ ಮೀರಿರಬಾರದು. ವಿದ್ಯುನ್ಮಾನ ತಕ್ಕಡಿಗೆ ಇದು 12 ತಿಂಗಳು, ಕಲ್ಲುಗಳಿಗೆ 24 ತಿಂಗಳು.

3. ಚೌಕದ ಎರಡೂ ಕರ್ಣಗಳನ್ನು ಅಳೆಯಬೇಕು. ಅವೆರಡೂ 7 ಮೀಟರು 7 ಸೆಂಟಿಮೀಟರು ಇದ್ದರೆ ಮೂಲೆಗಳು ಸರಿಯಾಗಿವೆ.

4. ಚೀಲದ ತೂಕವನ್ನು ಕಳೆಯಬೇಕು. ಒಣಗಿದ ಕಾಳಿನ ತೂಕವನ್ನೂ ಬರೆಯಿಸಬೇಕು.

5. ಓದಿದ ಅಂಕಿಯನ್ನು ಇದ್ದಂತೆಯೇ ಗದ್ದೆಯಲ್ಲಿಯೇ ಬರೆದು, ಆಮೇಲೆ ಸಹಿ ಮಾಡಬೇಕು.

ದೋಷವಿಲ್ಲದ ಅಳತೆಯು ಲೋಕದಲ್ಲಿಲ್ಲ. ಆದರೆ ಹುಡುಕದೆ ಬಿಟ್ಟ ದೋಷಕ್ಕೆ ನಾವೇ ಹೊಣೆ. ಅಂದು ತಕ್ಕಡಿಯನ್ನು ಸರಿಪಡಿಸಿ ಪುನಃ ತೂಗುವದಕ್ಕೆ ನಮಗೆ ಹಿಡಿದದ್ದು ಕಾಲು ತಾಸು ಮಾತ್ರ. ಆ ಕಾಲು ತಾಸನ್ನು ಕೊಡಲು ಯಾವ ಗ್ರಾಮಪ್ರಮುಖರೂ ಬೇಸರಿಸಬಾರದು.